ಯಾರಿಗೆ ಹೇಳಿದ್ದು?

ಮಗಳು ಈ ವರ್ಷ ಹತ್ತನೇ ಕ್ಲಾಸು. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತು ಅಂತ ಮೊನ್ನೆ ಭಾನುವಾರ ಊಟದ ಟೇಬಲ್ಲಿನ ತುಂಬ ಕನ್ನಡ ಪುಸ್ತಕ ಹರಡಿಕೊಂಡು ಗಾದೆ ವಿಸ್ತರಣೆ ಅಭ್ಯಾಸ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆ. ಬಗ್ಗಿ ನೋಡಿದರೆ ಮೊದಲ ಸಾಲು: "ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು." ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷದ ಹಿಂದೆ ತಿಪಟೂರಿನಲ್ಲಿ ನಾನೂ ಇದನ್ನೇ ಬರೆದಿದ್ದೆ, ನನ್ನ ಹಿಂದೆ ಕೂತವಳೂ ಇದನ್ನೇ ಬರೆದಿದ್ದಳು. ಯಾವ ಗಾದೆ ಬಂದರೂ ಶುರುವಾತು ಇದು, ಕೊನೆಗೆ "ಒಟ್ಟಿನಲ್ಲಿ ಈ ಗಾದೆಯು ನಮಗೆ ಉತ್ತಮ ನೀತಿಯನ್ನು ಸಾರುತ್ತದೆ". ನಡುವೆ ರೈತನದೋ ಇರುವೆಯದೋ ಒಂದು ಉದಾಹರಣೆ ತುರುಕಿದರೆ ಅಂಕಕ್ಕೆ ಮೋಸವಿಲ್ಲ.

"ಅಮ್ಮ, ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದಕ್ಕೆ ಕ್ರೆಡಿಟ್ ಕಾರ್ಡ್ ಉದಾಹರಣೆ ಕೊಡಲಾ?" ಅಂದಳು.

"ಕೊಡು" ಅಂದೆ. ಅಂದವಳು ಹುರುಳಿಕಾಯಿ ಕೈಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಆ ಗಾದೆಯನ್ನು ನಾನು ಮೊದಲು ಕೇಳಿದ್ದು ಪುಸ್ತಕದಲ್ಲಲ್ಲ. ನಮ್ಮ ಮನೆ ನಡುಮನೆಯಲ್ಲಿ, ಊಟಕ್ಕೆ ಕೂತ ದೊಡ್ಡಪ್ಪನ ಬಾಯಲ್ಲಿ. ಅವತ್ತು ಅದರಲ್ಲಿ ನೀತಿ ಇತ್ತೋ ಏನೋ, ನನಗಂತೂ ಕಂಡಿರಲಿಲ್ಲ.

ಅವಳು ಬರೆಯುತ್ತಾ ಹೋದಳು. ನನ್ನ ತಲೆಯಲ್ಲಿ ಅವತ್ತಿನಿಂದ ಒಂದೇ ಪ್ರಶ್ನೆ ಕೊರೆಯುತ್ತಿದೆ. ಗಾದೆಯ ಅರ್ಥವೇನು ಅಂತ ಪರೀಕ್ಷೆಯಲ್ಲಿ ಕೇಳುತ್ತಾರೆ. ಅದನ್ನು ಯಾರು ಹೇಳಿದರು, ಯಾರಿಗೆ ಹೇಳಿದರು ಅಂತ ಯಾಕೆ ಕೇಳುವುದಿಲ್ಲ?

ಅನ್ನದ ಗುಂಡಿ

1996, ಜೂನ್ ತಿಂಗಳು. ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿತ್ತು. ಫೀಸು ಹೇಗೋ ಹೊಂದಿಸಬಹುದು, ಹಾಸ್ಟೆಲಿನ ಖರ್ಚೇ ತಲೆನೋವು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ತಿಪಟೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಕೊಬ್ಬರಿ ರೇಟು ಏರಿದರೆ ಮಂಡಿ ಸಾಹುಕಾರನ ಮುಖ ಅರಳುತ್ತದೆ, ಇಳಿದರೆ ಗುಮಾಸ್ತನ ಮುಖ ಬಾಡುತ್ತದೆ. ಅಪ್ಪನ ಪಾಲಿಗೆ ಬಂದ ಜಮೀನು ಹೊಲ, ಮಳೆ ನಂಬಿ ರಾಗಿ ಹುರುಳಿ ಬೆಳೆಯುವಂಥದ್ದು. ಬಾವಿ ಇದ್ದ ತೋಟ, ಫಲಕ್ಕೆ ಬಂದ ತೆಂಗಿನ ಮರ ಅಷ್ಟೂ ದೊಡ್ಡಪ್ಪನ ಕಡೆಗೆ ಹೋಗಿತ್ತು. ಹಿರಿಯ ಮಗ, ಸಾಲ ತೀರಿಸಿದವನು, ಹಂಗೆ ಹಿಂಗೆ ಅಂತ ಪಂಚಾಯ್ತಿಯಲ್ಲಿ ಮಾತಾಗಿತ್ತಂತೆ. ನಾನು ಹುಟ್ಟುವ ಮೊದಲಿನ ಕತೆ.

ಸೀಟಿನ ವಿಷಯ ಮಾತಾಡೋಣ ಅಂತ ಅಪ್ಪನೇ ಅಣ್ಣನನ್ನು ಊಟಕ್ಕೆ ಕರೆದಿದ್ದರು. ಬಾಯಿಬಿಟ್ಟು ದುಡ್ಡು ಕೇಳುವ ಜಾತಿಯಲ್ಲ ನಮ್ಮಪ್ಪ. ಊಟಕ್ಕೆ ಕರೆದದ್ದೇ ಕೇಳಿದ್ದು. ದೊಡ್ಡಪ್ಪನಿಗೂ ಅದು ಗೊತ್ತಿತ್ತು. ಮುದ್ದೆ ಮುಗಿಸಿ ಅನ್ನಕ್ಕೆ ಬಂದ ಮೇಲೆ, ನನ್ನ ಕಡೆ ನೋಡದೆ, ಅಪ್ಪನ ಕಡೆಯೂ ನೋಡದೆ, ಎಲೆ ನೋಡಿಕೊಂಡು ಹೇಳಿದರು: "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣಪ್ಪ. ಇಲ್ಲೇ ಕಾಲೇಜಿಲ್ವಾ?"

ಅಪ್ಪ ಅನ್ನ ಕಲೆಸುತ್ತಲೇ ಇದ್ದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಸಾರಿನ ಪಾತ್ರೆ ಹಿಡಿದು ಬಡಿಸಲು ಬಂದಳು. ದೊಡ್ಡಪ್ಪ ಅನ್ನದ ನಡುವೆ ಎರಡು ಬೆರಳಲ್ಲಿ ಗುಂಡಿ ಮಾಡಿಕೊಂಡು ಕಾಯುತ್ತಿದ್ದರು. ಅಮ್ಮ ಸೌಟು ಬಗ್ಗಿಸುವ ಹೊತ್ತಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು ಸಾಕು" ಅಂದರು.

ನಮ್ಮ ಕಡೆ ಬಡಿಸಿಕೊಂಡವರಿಗೆ ಇದು ಅರ್ಥವಾಗುತ್ತದೆ. ಮೊದಲ "ಸಾಕು" ಮರ್ಯಾದೆಗೆ. ಎರಡನೆಯದು ಅಭ್ಯಾಸಬಲಕ್ಕೆ. ಮೂರನೆಯದನ್ನು ಎರಡೂ ಕೈ ಅಡ್ಡ ಇಟ್ಟು, ಎಲೆಯ ಮೇಲೆ ಬಗ್ಗಿ, "ಅಯ್ಯೋ ಬೇಡ ತಾಯಿ" ಅಂತ ಹೇಳಿದರೆ ಆಗ ನಿಜವಾಗಿ ಸಾಕು. ಅಲ್ಲಿಯತನಕ ಬಡಿಸುವವರು "ಒಂದೇ ಒಂದು ಸೌಟು" ಅನ್ನುತ್ತಲೇ ಇರಬೇಕು. ಬೇಕೋ ಬೇಡವೋ ಅಂತ ತಿಳಿಯಲು ಬಾಯಿ ನೋಡಬಾರದು, ಅನ್ನ ನೋಡಬೇಕು. ಗುಂಡಿ ಇದ್ದರೆ ಬೇಕು ಅಂತಲೇ.

ಅಮ್ಮ ಅವತ್ತು ಗುಂಡಿ ನೋಡಲಿಲ್ಲ, ಮಾತನ್ನಷ್ಟೇ ಕೇಳಿಸಿಕೊಂಡಳು. "ಸಾಕಾ? ಸರಿ ಭಾವ" ಅಂತ ಪಾತ್ರೆ ಎತ್ತಿಕೊಂಡು ಅಪ್ಪನ ಎಲೆಗೆ ಹೋದಳು.

ದೊಡ್ಡಪ್ಪನ ಕೈ ಎಲೆಯ ಮೇಲೆ ಹಾಗೇ ಒಂದು ಗಳಿಗೆ ನಿಂತಿತ್ತು. ಆಮೇಲೆ ಆ ಒಣ ಅನ್ನವನ್ನೇ, ಉಪ್ಪಿನಕಾಯಿ ನಂಚಿಕೊಂಡು, ತಿಂದರು. ಬೈಗುಳವಿಲ್ಲ, ಎದುರುತ್ತರವಿಲ್ಲ. ಅಮ್ಮ ಮಾಡಿದ್ದಿಷ್ಟೇ, ಅವರಾಡಿದ ಮಾತನ್ನು ಅಕ್ಷರಶಃ ಒಪ್ಪಿಕೊಂಡದ್ದು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವನ್ನು ನಾನು ಇನ್ನೂ ನೋಡಿಲ್ಲ.

ಹಾಸಿಗೆ ಗಾದೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸಂಬಳದ ಹದಿನೈದನೇ ತಾರೀಖು ಅದನ್ನು ನನಗೆ ನಾನೇ ಹೇಳಿಕೊಳ್ಳುವುದುಂಟು. ನನಗೆ ನಾನು ಹೇಳಿಕೊಂಡಾಗ ಅದು ವಿವೇಕ. ಹಾಸಿಗೆಯ ಮುಕ್ಕಾಲು ಭಾಗ ತನ್ನ ಕಡೆ ಎಳೆದುಕೊಂಡವನು ಕಾಲು ಭಾಗದಲ್ಲಿ ಮಲಗಿದವನಿಗೆ ಹೇಳಿದಾಗ ಅದೇ ನಾಲ್ಕು ಪದ ಬೇರೆಯೇ ಮಾತು. ಪದಕೋಶದಲ್ಲಿ ಹುಡುಕಿದರೆ ಈ ವ್ಯತ್ಯಾಸ ಸಿಗುವುದಿಲ್ಲ.

ಗಾದೆಗಳು ಒಂದಕ್ಕೊಂದು ಹೊಡೆದಾಡುವುದೂ ಇದಕ್ಕೇ ಇರಬೇಕು. "ಮಾತು ಬೆಳ್ಳಿ, ಮೌನ ಬಂಗಾರ" ಅನ್ನುತ್ತೇವೆ, "ಬಾಯಿದ್ದವನು ಬರಗಾಲದಲ್ಲೂ ಬದುಕಿದ" ಅಂತಲೂ ಅನ್ನುತ್ತೇವೆ. "ತಾಳಿದವನು ಬಾಳಿಯಾನು" ಒಂದು ಬಾಯಲ್ಲಿ, "ಆಲಸ್ಯಂ ಅಮೃತಂ ವಿಷಂ" ಇನ್ನೊಂದು ಬಾಯಲ್ಲಿ. ಎರಡೂ ವೇದಕ್ಕೆ ಸಮ ಅಂದರೆ ಹೇಗೆ? ನಮ್ಮಜ್ಜಿಯ ಸೊಂಟದಲ್ಲಿ ಎಲೆಅಡಿಕೆ ಚೀಲ ಇರುತ್ತಿತ್ತು, ಯಾರು ಬಂದರು ನೋಡಿ ಒಬ್ಬರಿಗೆ ಅಡಿಕೆ ಚೂರು, ಇನ್ನೊಬ್ಬರಿಗೆ ಹೊಗೆಸೊಪ್ಪಿನ ಎಸಳು ತೆಗೆಯೋಳು. ಗಾದೆಯನ್ನೂ ಹಾಗೇ ತೆಗೆಯೋಳು. ಕೆಲಸ ಹೇಳಿದರೆ ಲೆಕ್ಕ ಕೇಳುವ ನನ್ನ ತಮ್ಮನಿಗೆ "ಎಲೆ ಎತ್ತೋ ಜಾಣ ಅಂದರೆ ಉಂಡೋರೆಷ್ಟು ಅಂದ". ಅದನ್ನು ಅವಳು ಬೇರೆ ಯಾರಿಗೂ ಹೇಳಿದ್ದು ನೆನಪಿಲ್ಲ. ಅದು ಅವನ ಗಾದೆ. ಅವನ ಹೆಸರು ಬರೆದು ಇಟ್ಟಿದ್ದ ಹಾಗೆ.

ಪರವಾಗಿಲ್ಲ

ಅವತ್ತು ರಾತ್ರಿ ಅಪ್ಪ ಜಗಲಿ ಮೇಲೆ ಕೂತು ಕರೆದರು. "ಇಲ್ಲೇ ಬಿಕಾಂ ಓದಿದ್ರೂ ಪರವಾಗಿಲ್ಲ ಅಲ್ವೇನವ್ವ?" ನಾನು "ಪರವಾಗಿಲ್ಲಪ್ಪ" ಅಂದೆ. ಮುಗಿಯಿತು. ನಾನು ಅಕೌಂಟ್ಸ್‌ನಲ್ಲಿ ಬಂದು ಬಿದ್ದದ್ದು ಹೀಗೆ, ಒಂದು ಪ್ರಶ್ನೆಯ ಪರವಾಗಿಲ್ಲಕ್ಕೆ ಒಂದು ಉತ್ತರದ ಪರವಾಗಿಲ್ಲ ಸೇರಿ.

ಈ ಮಾತನ್ನು ಬಿಡಿಸಿ ನೋಡಿದರೆ ತಮಾಷೆಯಾಗಿದೆ. ಬಹಳ ಜನ ಇದನ್ನು ಅಚ್ಚಗನ್ನಡ ಅಂದುಕೊಂಡಿದ್ದಾರೆ, ನಾನೂ ಅಂದುಕೊಂಡಿದ್ದೆ. ಇದರ ಮುಂದಿನ ಅರ್ಧ ಫಾರಸಿಯ "ಪರ್ವಾ". ಚಿಂತೆ, ಲೆಕ್ಕಿಸುವುದು ಅಂತ ಅದರರ್ಥ. ಯಾರಿಗೂ ಕೇರ್ ಮಾಡದವನನ್ನು ಉರ್ದುವಿನಲ್ಲಿ "ಬೇಪರ್ವಾ" ಅನ್ನುತ್ತಾರಲ್ಲ, ಅದೇ ಪರ್ವಾ. ಅದಕ್ಕೆ ನಮ್ಮ "ಇಲ್ಲ" ಅಂಟಿ ಪರವಾ ಇಲ್ಲ, ಪರವಾಯಿಲ್ಲ, ಪರವಾಗಿಲ್ಲ ಆಯಿತು. ಚಿಂತೆ ಇಲ್ಲ ಅನ್ನುವುದು ಮೂಲದ ಮಾತು. ಆದರೆ ನಾವು ಇದನ್ನು ಚಿಂತೆ ಇಲ್ಲದಾಗ ಹೇಳುವುದು ಬಹಳ ಕಡಿಮೆ. ಬಸ್ಸಿನಲ್ಲಿ ಕಾಲು ತುಳಿದವರಿಗೆ, ನೋವಿನಲ್ಲೇ, ಪರವಾಗಿಲ್ಲ. ದಡ್ಡ ಅಂದುಕೊಂಡಿದ್ದ ಹುಡುಗ ಫಸ್ಟ್ ಕ್ಲಾಸ್ ಬಂದರೆ ಹುಬ್ಬೇರಿಸಿ "ಪರವಾಗಿಲ್ವೇ!". ಇನ್ನೊಂದು ದೋಸೆ ಹಾಕಲಾ ಅಂದರೆ "ಪರವಾಗಿಲ್ಲ", ಇಲ್ಲಿ ಅದು ಬೇಡ ಅನ್ನುವುದೋ ಹಾಕಿದರೆ ಅಡ್ಡಿಯಿಲ್ಲ ಅನ್ನುವುದೋ ಕಾವಲಿ ಮುಂದೆ ನಿಂತವರೇ ತೀರ್ಮಾನಿಸಬೇಕು. ಊರಿಂದ ಅಮ್ಮ ಫೋನಿನಲ್ಲಿ "ಈಗ ಪರವಾಗಿಲ್ಲ" ಅಂದರೆ ನಾನು ಮಾರನೇ ದಿನ ಬೆಳಿಗ್ಗೆ ರೈಲು ಹತ್ತುತ್ತೇನೆ. ಹುಷಾರಾಗಿದ್ದರೆ ಅವಳು ಆರೋಗ್ಯದ ವಿಷಯವನ್ನೇ ಎತ್ತುವುದಿಲ್ಲ, ಪಕ್ಕದ ಮನೆಯವರ ಹಸುವಿನ ಬಗ್ಗೆ ಮಾತಾಡುತ್ತಾಳೆ.

ಊರು ದಾಟಿದರೆ ಇನ್ನೂ ಕಷ್ಟ. ನಮ್ಮ ಆಫೀಸಿನಲ್ಲಿ ಕುಮಟಾ ಕಡೆಯ ಒಬ್ಬರಿದ್ದರು. ಒಮ್ಮೆ ಮನೆಗೆ ಊಟಕ್ಕೆ ಬಂದವರು ನಾನು ಬೆಳಿಗ್ಗೆಯಿಂದ ಕೂತು ಮಾಡಿದ ಒಬ್ಬಟ್ಟು ತಿಂದು "ಅಡ್ಡಿಲ್ಲ" ಅಂದರು. ಅಡ್ಡಿಲ್ಲ! ತಿನ್ನಲು ತಕರಾರೇನಿಲ್ಲ ಅಂದ ಹಾಗೆ ಕೇಳಿಸಿತು ನನಗೆ. ಒಂದು ವಾರ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಅವರೇ ಕಾರಣ ಕೇಳಿ, ನಾನು ಹೇಳಿ, ಅವರು ಕ್ಯಾಂಟೀನಿನಲ್ಲಿ ಟೀ ಚೆಲ್ಲುವಷ್ಟು ನಕ್ಕರು. ಅವರ ಮನೆಯಲ್ಲಿ ಅಡ್ಡಿಲ್ಲ ಅಂದರೆ ಚೆನ್ನಾಗಿದೆ ಅಂತಲೇ. ಅವರಪ್ಪ ಅವರಿಗೆ ಕೆಲಸ ಸಿಕ್ಕಾಗಲೂ ಅಷ್ಟೇ ಅಂದಿದ್ದಂತೆ.

ಇನ್ನು "ನೋಡೋಣ". ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಅಪ್ಪ ಸಂಬಳ ಹೆಚ್ಚಿಸಿ ಅಂತ ಕೇಳಿದಾಗಲೆಲ್ಲ ಮಂಡಿಯಲ್ಲಿ ಸಿಗುತ್ತಿದ್ದ ಉತ್ತರ ಇದು. ವ್ಯಾಕರಣದ ಪ್ರಕಾರ ನೋಡೋಣ ಅಂದರೆ ನೀನೂ ನಾನೂ ಸೇರಿ ನೋಡುವುದು. ಹೇಳಿದವರು ಅಲ್ಲಿಂದ ಎದ್ದ ಮೇಲೆ ನೋಡುತ್ತಾ ಕೂರುವವರು ಮಾತ್ರ ಕೇಳಿದವರೊಬ್ಬರೇ. ಎರಡು ಸಲ "ನೋಡೋಣ ನೋಡೋಣ" ಅಂದರೆ ಇಲ್ಲ ಅಂತ. "ನೋಡೋಣ ಬಿಡಿ" ಅಂದರೆ ಇನ್ನು ಕೇಳಬೇಡ ಅಂತ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅನ್ನುತ್ತಾರಲ್ಲ, ದೀಪ ಇಟ್ಟವರಿಗೆ ಎರಡೂ ಕೋಣೆ ಕಾಣುತ್ತಿರುತ್ತದೆ, ಕತ್ತಲೆ ಏನಿದ್ದರೂ ಗೋಡೆಯ ಬುಡದಲ್ಲಿ ನಿಂತವರಿಗೆ. ಇದೇ ನೋಡು ಅನ್ನುವ ಧಾತುವಿನಿಂದ "ನೋಡ್ಕೋತೀನಿ" ಬಂತು. ಮದುವೆ ಮನೆಯಲ್ಲಿ ಹುಡುಗನ ತಾಯಿ "ನಿಮ್ಮ ಮಗಳನ್ನ ಚೆನ್ನಾಗಿ ನೋಡ್ಕೋತೀವಿ" ಅನ್ನುತ್ತಾಳೆ. ಪಾರ್ಕಿಂಗ್ ಜಗಳದಲ್ಲಿ ಕಾಲರ್ ಸರಿಮಾಡಿಕೊಳ್ಳುತ್ತಾ ಒಬ್ಬ "ನಿನ್ನ ನೋಡ್ಕೋತೀನಿ" ಅನ್ನುತ್ತಾನೆ. ಮೊದಲನೆಯದಕ್ಕೆ ಹುಡುಗಿಯ ಅಪ್ಪ ಕಣ್ಣೊರೆಸಿಕೊಳ್ಳುತ್ತಾನೆ. (ಕೆಲವು ಮದುವೆಗಳಲ್ಲಿ ಎರಡೂ ಒಂದೇ ಆಗಿಬಿಡುವುದೂ ಉಂಟು, ಅದು ಬೇರೆ ದಿನ ಬರೆಯುವ ವಿಷಯ.)

ಗೋಡೆಯ ಮೇಲಿನ ಕೈಲಾಸ

ದಿನಬಳಕೆಯ ಮಾತು ಬಿಡಿ, ಎದುರಿಗಿರುವವರ ಮುಖ ನೋಡಿ ಹೇಗೋ ಅರ್ಥ ಮಾಡಿಕೊಳ್ಳಬಹುದು. ಗೋಡೆಗೆ ಹೊಡೆದ ಮಾತಿಗೆ ಮುಖವೇ ಇರುವುದಿಲ್ಲವಲ್ಲ.

ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ (ಹೆಸರು ಬೇಡ) ಅಕೌಂಟ್ಸ್ ವಿಭಾಗದ ಗೋಡೆಯಲ್ಲಿ ದೊಡ್ಡ ಫ್ರೇಮು ಇತ್ತು. ಬಸವಣ್ಣನವರ ಚಿತ್ರ, ಕೆಳಗೆ ಬಂಗಾರದ ಬಣ್ಣದಲ್ಲಿ "ಕಾಯಕವೇ ಕೈಲಾಸ". ಮಾರ್ಚ್ ಕೊನೆಯ ವಾರ ರಾತ್ರಿ ಹತ್ತು ಹನ್ನೊಂದರ ತನಕ ನಾವು ಏಳು ಜನ ಆ ಫ್ರೇಮಿನ ಕೆಳಗೆ ಕೂತು ಲೆಕ್ಕ ಹೊಂದಿಸುತ್ತಿದ್ದೆವು. ಒಂದು ವರ್ಷ ಒಬ್ಬಳು, ಮಗುವಿಗೆ ಜ್ವರ, ಎಂಟಕ್ಕೆ ಹೊರಡಲಾ ಅಂತ ಕೇಳಿದಳು. ಮ್ಯಾನೇಜರು ಏನೂ ಹೇಳಲಿಲ್ಲ. ಕುರ್ಚಿ ಹಿಂದಕ್ಕೆ ಒರಗಿಸಿ ನಗುತ್ತಾ ಗೋಡೆ ಕಡೆ ಕೈ ತೋರಿಸಿದರು. ಅವಳೂ ನಕ್ಕಳು, ನಗದೆ ಇನ್ನೇನು ಮಾಡುತ್ತಾಳೆ. ಕೂತಳು.

ನನಗೆ ಆ ಕೈ ತೋರಿಸಿದ ರೀತಿ ಮರೆಯಲಾಗಲಿಲ್ಲ. ಆ ಮಾತು ಎಲ್ಲಿಂದ ಬಂತು ಅಂತ ಹುಡುಕಬೇಕು ಅನ್ನಿಸಿದ್ದು ಆಮೇಲೆ. ಹುಡುಕುವುದೇನು, ವಚನ ಓದುವವರಿಗೆಲ್ಲ ಗೊತ್ತಿರುವುದೇ, ನನಗೆ ಗೊತ್ತಿರಲಿಲ್ಲ ಅಷ್ಟೆ. ಈ ನುಡಿ ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಹೆಂಡತಿ ಲಕ್ಕಮ್ಮನ ಜೊತೆ ಕಲ್ಯಾಣಕ್ಕೆ ಬಂದವನು. ಕೆಲಸ ಹೆಸರಿನಲ್ಲೇ ಇದೆ, ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಇದಕ್ಕಿಂತ ಸಣ್ಣ ಕೆಲಸ ಇತ್ತೋ ಇಲ್ಲವೋ. ಅವನ ವಚನ ಹೀಗಿದೆ:

"ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು, ಜಂಗಮ ಮುಂದಿದ್ದಡೂ ಹಂಗು ಹರಿಯಬೇಕು. ಕಾಯಕವೇ ಕೈಲಾಸವಾದ ಕಾರಣ ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು."

ಎರಡು ಮೂರು ಸಲ ಓದಿ ಕೂತೆ. ಫ್ರೇಮಿನಲ್ಲಿ ಬರೆದದ್ದು ಇದರ ನಡುವಿನ ಎರಡೇ ಪದ. ಇಡೀ ವಚನದಲ್ಲಿ ದುಡಿಯುವವನು ಯಾರಿಗೂ ತಲೆಬಾಗುತ್ತಿಲ್ಲ. ಗುರು ಬಂದು ನಿಂತರೂ ಗಮನಿಸಬೇಕಿಲ್ಲ, ಪೂಜೆಯ ಹೊತ್ತಾದರೂ ಏಳಬೇಕಿಲ್ಲ, ಜಂಗಮ ಎದುರಿಗಿದ್ದರೂ ಅವನ ಹಂಗು ಬೇಡ. "ಹಂಗು" ಅನ್ನುವ ಪದದ ಭಾರ ನೋಡಿ. ಒಬ್ಬರಿಂದ ಏನೋ ಪಡೆದು, ಅದಕ್ಕಾಗಿ ಅವರ ಮುಂದೆ ಬಗ್ಗಿಯೇ ಇರಬೇಕಾದ ಸ್ಥಿತಿ ಅದು. ಹಂಗಿನ ಅರಮನೆಗಿಂತ ವಿಂಗಡದ ಗುಡಿಸಲು ಲೇಸು ಅನ್ನುತ್ತಾರಲ್ಲ, ಆ ಹಂಗು. ಅದನ್ನು ಹರಿದು ಹಾಕು ಅನ್ನುತ್ತಿದ್ದಾನೆ ಮಾರಯ್ಯ. ಕೊನೆಗೆ ದೇವರೂ ಇದಕ್ಕೆ ಹೊರತಲ್ಲ, ಅಮರೇಶ್ವರಲಿಂಗವೂ ಕಾಯಕದೊಳಗೇ. ಹಾಗಾದರೆ ಆ ಫ್ರೇಮು ನಮ್ಮ ತಲೆಯ ಮೇಲಿರುವ ಬದಲು ಮ್ಯಾನೇಜರ ರೂಮಿನಲ್ಲಿರಬೇಕಿತ್ತು. ನೆಲದ ಮೇಲೆ ಅಕ್ಕಿ ಆಯುತ್ತಾ ಕೂತವನು ತನ್ನ ತಲೆಗಿಂತ ಎತ್ತರದಲ್ಲಿ ನಿಂತವರಿಗೆ ಹೇಳಿದ ಮಾತು, ಎತ್ತರದಲ್ಲಿ ನಿಂತವರು ಕೆಳಗೆ ಕೂತವರಿಗೆ ತೋರಿಸುವ ಬೋರ್ಡು ಆಗಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೂ ಖುಷಿಯಾಗುತ್ತಿತ್ತು. ಆದರೆ ಮಾರಯ್ಯನ ಮನೆಯಲ್ಲಿ ಲಕ್ಕಮ್ಮ ಇದ್ದಾಳೆ. ಮಾರಯ್ಯ ಒಂದು ದಿನ ದಿನದ ಲೆಕ್ಕಕ್ಕಿಂತ ಹೆಚ್ಚು ಅಕ್ಕಿ ತಂದ ಕತೆ ಗೊತ್ತಿರಬಹುದು. ಅವಳು ಅವನನ್ನು ಬಾಗಿಲಲ್ಲೇ ತಡೆದು ಕೇಳುತ್ತಾಳೆ: "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?" ಮುಂದುವರಿದು, "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ." ಈಸು ಅಂದರೆ ಇಲ್ಲಿ ಈಜುವುದಲ್ಲ, ಇಷ್ಟೊಂದು ಅಂತ. (ಮಗಳು ಇದನ್ನು ಓದಿ "ಈಜುವ ಅಕ್ಕಿನಾ?" ಅಂದಳು, ಅದಕ್ಕೆ ಹೇಳಿದೆ.) ಇಷ್ಟೊಂದು ಅಕ್ಕಿ ನಿಮಗ್ಯಾಕೆ, ಹೋಗಿ ವಾಪಸ್ ಹಾಕಿ ಬನ್ನಿ ಅಂತ.

ಕಾಯಕವೇ ಕೈಲಾಸ ಅಂದವನ ಮನೆಯಲ್ಲೇ ಜಾಸ್ತಿ ದುಡಿದು ತಂದರೆ ಬೈಗುಳ! ಹಾಗಂತ ಲಕ್ಕಮ್ಮ ಸೋಮಾರಿತನದ ಪರ ಅಲ್ಲ. ಇನ್ನೊಂದು ವಚನದಲ್ಲಿ ಮಾತಾಡುತ್ತಾ ಕೂತ ಗಂಡನಿಗೆ "ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ" ಅಂತ ಎಬ್ಬಿಸಿ ಓಡಿಸುವವಳೂ ಅವಳೇ. ಏಳು ಅನ್ನುವುದೂ ಅವಳು, ಸಾಕು ಅನ್ನುವುದೂ ಅವಳು. ಎರಡನ್ನೂ ಸೇರಿಸಿ ಓದಿದರೆ ಕೈಲಾಸಕ್ಕೆ ಒಂದು ಅಳತೆ ಸಿಗುತ್ತದೆ, ಒಂದು ದಿನದ ಅಕ್ಕಿ. ಫ್ರೇಮ್ ಮಾಡಿಸಿದವರು ಗಂಡನ ಎರಡು ಪದ ತೆಗೆದುಕೊಂಡು ಹೆಂಡತಿಯ ಮಾತನ್ನು ಅಂಗಡಿಯಲ್ಲೇ ಬಿಟ್ಟು ಬಂದರು. ಮಾರ್ಚ್ ತಿಂಗಳಲ್ಲಿ ರಾತ್ರಿ ಎಂಟು ಗಂಟೆಗೆ ನಮಗೆ ಬೇಕಾಗಿದ್ದದ್ದು ಅವಳ ಮಾತು.

ಆ ಹುಡುಗಿಗೆ ಇದನ್ನೆಲ್ಲ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅವಳು ಕೆಲಸ ಬಿಟ್ಟಿದ್ದಳು.

ಕಲ್ಲಿನಲ್ಲಿ ಕೆತ್ತಿದರೂ

ಗೋಡೆಯ ಮಾತು ಅಂದಮೇಲೆ ವಿಧಾನಸೌಧ ಬಿಡುವ ಹಾಗಿಲ್ಲ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದು 1956ರಲ್ಲಿ ಮುಗಿದ ಆ ಕಟ್ಟಡದ ಹಣೆಯ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಕೆತ್ತಿದೆ. ಮಾತಿನ ಕಟ್ಟು ನೋಡಿದರೆ ಮಾರಯ್ಯನ ಮಾತಿನ ತಮ್ಮನ ಹಾಗಿದೆ. ಒಳಗೆ ಹೋಗುವ ಮಂತ್ರಿ, ಅಧಿಕಾರಿ, ಗುಮಾಸ್ತ ತಲೆಯೆತ್ತಿ ಓದಿಕೊಂಡು ಹೋಗಲಿ, ಪೂಜೆಗೆ ಕೂತಷ್ಟು ಶ್ರದ್ಧೆಯಿಂದ ಕುರ್ಚಿಯಲ್ಲಿ ಕೂರಲಿ ಅನ್ನುವುದು ಉದ್ದೇಶ ಇರಬೇಕು. ಆದರೆ ಅಕ್ಷರ ಇರುವುದು ಹೊರಗಡೆಗೆ, ರಸ್ತೆಗೆ ಮುಖ ಮಾಡಿ. ಹಾಗಾಗಿ ಓದುವವರು ನಾವು, ಅರ್ಜಿ ಹಿಡಿದವರು. ನಾವು ಅದನ್ನು ನಮಗೆ ಬೇಕಾದ ಹಾಗೆ ಓದಿಕೊಂಡೆವು. ಖಾತೆ ಬದಲಾವಣೆಗೆ ಹತ್ತು ಸಲ ಅಲೆದ ಅಪ್ಪ ಹೇಳುತ್ತಿದ್ದರು, "ದೇವರ ಕೆಲಸ ಅಲ್ವಾ, ಹರಕೆ ಹೊತ್ಕೊಂಡು ಕಾಯಬೇಕು, ಹುಂಡಿಗೂ ಹಾಕಬೇಕು." ಸರ್ಕಾರಿ ನೌಕರಿ ಸಿಕ್ಕ ಹುಡುಗನ ಮನೆಯವರಿಗೆ ಅದೇ ಸಾಲು ಇನ್ನೊಂದು ಥರ, ದೇವರೇ ಕೊಟ್ಟ ಕೆಲಸ. ಕಲ್ಲಿನ ಅಕ್ಷರ ಒಂದೂ ಸವೆದಿಲ್ಲ, ಅರ್ಥ ಮಾತ್ರ ಮೆಟ್ಟಿಲಿಳಿದು ರಸ್ತೆಗೆ ಬಂದಿದೆ. ಇದನ್ನು ಕಂಡು ಬೇಸರಪಡುವವರಿದ್ದಾರೆ. ನನಗೆ ಬೇಸರವಿಲ್ಲ. ಅಪ್ಪನ ಓದು ತಪ್ಪು ಅಂತ ಹೇಳಬೇಕಾದರೆ ಅವರ ಜೊತೆ ಆ ಹತ್ತು ಸಲ ಅಲೆದಿರಬೇಕು.

ವಾಟ್ಸಾಪಿನಲ್ಲಿ ಬೆಳಬೆಳಿಗ್ಗೆ ಬರುವ ಕಗ್ಗದ ಸಾಲುಗಳೂ ಹೀಗೇ. "ಎಲ್ಲರೊಳಗೊಂದಾಗು ಮಂಕುತಿಮ್ಮ" ಅಂತ ಸೂರ್ಯೋದಯದ ಚಿತ್ರದ ಮೇಲೆ ಬರೆದು ಒಬ್ಬರು ಬಂಧು ನನಗೆ ವಾರಕ್ಕೊಮ್ಮೆಯಾದರೂ ಕಳಿಸುತ್ತಾರೆ. ಡಿವಿಜಿ 1943ರಲ್ಲಿ ಆ ಪುಸ್ತಕಕ್ಕೆ ಇಟ್ಟ ಹೆಸರೇ ಮಂಕುತಿಮ್ಮನ ಕಗ್ಗ. ಕಗ್ಗ ಹೇಳುವವನೂ ಮಂಕುತಿಮ್ಮ, ಪ್ರತಿ ಪದ್ಯದ ಕೊನೆಗೆ ಕರೆಸಿಕೊಳ್ಳುವವನೂ ಮಂಕುತಿಮ್ಮ. ಬುದ್ಧಿ ಹೇಳುವ ಮುಂಚೆ ತನ್ನನ್ನೇ ಮಂಕ ಅಂದುಕೊಂಡ ಸೌಜನ್ಯ ಅದು. ಫಾರ್ವರ್ಡ್ ಆಗುವಾಗ ಆ ಸೌಜನ್ಯ ದಾರಿಯಲ್ಲೆಲ್ಲೋ ಬಿದ್ದುಹೋಗುತ್ತದೆ. ಕಳಿಸಿದವರ ಲೆಕ್ಕದಲ್ಲಿ ಮಂಕುತಿಮ್ಮ ನಾನು. ಕೈ ಮುಗಿದ ಚಿತ್ರ ಒಂದನ್ನು ಒತ್ತಿ ಸುಮ್ಮನಾಗುತ್ತೇನೆ. ಅದರ ಅರ್ಥವೇನು ಅಂತ ಅವರೂ ಇನ್ನೂ ಕೇಳಿಲ್ಲ.

ಮಗಳ ಗಾದೆ

ಮಗಳು ಕ್ರೆಡಿಟ್ ಕಾರ್ಡಿನ ಉದಾಹರಣೆ ಕೊಟ್ಟು, ಸಾಲದ ಕಂತು, ಬಡ್ಡಿ ಅಂತೆಲ್ಲ ಚೆನ್ನಾಗಿಯೇ ಬರೆದಿದ್ದಳು. ಕೊನೆಗೆ "ಉತ್ತಮ ನೀತಿಯನ್ನು ಸಾರುತ್ತದೆ" ಅನ್ನುವಲ್ಲಿಗೆ ಬಂದಾಗ ನಾನು ದೊಡ್ಡಪ್ಪನ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಇದನ್ನ ಬರೆದರೆ ಮಾರ್ಕ್ಸ್ ಕೊಡ್ತಾರಾ?" ಅಂದಳು. ಕೊಡಲ್ಲ ಅಂದೆ. "ಮತ್ತೆ?" ಅಂದು ಪುಟ ತಿರುವಿ ಮುಂದಿನ ಗಾದೆಗೆ ಹೋದಳು. ಅವಳ ಪ್ರಶ್ನೆಯೂ ಸರಿಯೇ.

ಆದರೆ ರಾತ್ರಿ ಮಲಗುವ ಹೊತ್ತಿಗೆ ಬಂದು ಬಾಗಿಲಿಗೆ ಒರಗಿ ನಿಂತು ಕೇಳಿದಳು. "ಆಮೇಲೆ ಆ ತಾತ ಬರಲೇ ಇಲ್ವಾ ಮನೆಗೆ?"

ಬಂದರು. ಹಬ್ಬಕ್ಕೆ, ತಿಥಿಗೆ, ನನ್ನ ಮದುವೆಗೆ, ಅಪ್ಪ ಹೋದಾಗ. ಬಂದಾಗಲೆಲ್ಲ ಊಟಕ್ಕೆ ಕೂತರು, ಅಮ್ಮ ಬಡಿಸಿದಳು, ಆ ಸಲದ ಹಾಗೆ ಮತ್ತೆ ನಡೆಯಲಿಲ್ಲ. ಮಾತು ತೆಗೆದವರೂ ಇಲ್ಲ. ನನಗೆ ಹೇಳಬೇಕು ಅನ್ನಿಸಿದ್ದು ಕೊನೆಯ ಸಲದ್ದು.

ಎಂಟು ವರ್ಷದ ಹಿಂದಿನ ಮಾತು. ನಾನು ರಜೆಗೆ ಊರಿಗೆ ಹೋಗಿದ್ದೆ. ದೊಡ್ಡಪ್ಪನಿಗೆ ಎಂಬತ್ತು ದಾಟಿತ್ತು, ಸಕ್ಕರೆ ಕಾಯಿಲೆಯಲ್ಲಿ ಸೊರಗಿ ಅಂಗಿ ದೊಗಳೆಯಾಗಿತ್ತು. ಆಸ್ಪತ್ರೆಯಿಂದ ಹಿಂದಿರುಗುವ ದಾರಿಯಲ್ಲಿ, ಮಗನ ಬೈಕ್ ನಿಲ್ಲಿಸಿ ಒಳಗೆ ಬಂದರು. ಕೆಳಗೆ ಕೂರಲು ಆಗಲಿಲ್ಲ, ಕುರ್ಚಿ ಹಾಕಿ ಸ್ಟೂಲಿನ ಮೇಲೆ ತಟ್ಟೆ ಇಟ್ಟೆವು. ಅಮ್ಮ ಒಂದು ಹಿಡಿ ಅನ್ನ ಹಾಕಿದಳು. ಸಾರು ತರುವಷ್ಟರಲ್ಲಿ ಅವರು ಎರಡೂ ಕೈ ತಟ್ಟೆಯ ಮೇಲೆ ಅಡ್ಡ ಇಟ್ಟು "ಸಾಕು ಕಣಮ್ಮ. ನಿಜವಾಗ್ಲೂ ಸಾಕು" ಅಂದರು. ಆ ಸಲ ಅದು ಮರ್ಯಾದೆಯ ಸಾಕಲ್ಲ. ಅನ್ನದಲ್ಲಿ ಗುಂಡಿ ಇರಲಿಲ್ಲ, ನಾನು ನೋಡಿದೆ. ಅಮ್ಮನೂ ನೋಡಿದಳು.

"ಒಂದೇ ಒಂದು ಸೌಟು ಭಾವ" ಅಂದಳು ಅಮ್ಮ.

"ಬೇಡಮ್ಮ."

"ತಿಳಿಸಾರು. ಖಾರ ಹಾಕಿಲ್ಲ."

ಸೌಟು ಬಗ್ಗಿಸದೆ ಹಾಗೇ ಹಿಡಿದುಕೊಂಡು ನಿಂತಳು, ಸಾರು ತೊಟ್ಟಿಕ್ಕಿ ಸ್ಟೂಲಿನ ಅಂಚಿಗೆ ಬಿತ್ತು. ದೊಡ್ಡಪ್ಪ ಅವಳ ಮುಖ ನೋಡಿದರು. ಆಮೇಲೆ ಒಂದು ಕೈ ತೆಗೆದರು, ಇನ್ನೊಂದೂ ತೆಗೆದರು, ನಡುಗುವ ಎರಡು ಬೆರಳಲ್ಲಿ ಅನ್ನದ ನಡುವೆ ಗುಂಡಿ ಮಾಡತೊಡಗಿದರು.